ಹಸಿದ ಬೇರು ಮಾತ್ರ ಕೂಗುತ್ತದೆ

(ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರ ಮುಂದೆ, ಬೇರಿನೊಳಗೆ ಬಾಳಿ ಗಿಡಕ್ಕೆ ಊಟ ತರುವ ಶಿಲೀಂಧ್ರದ ಬಗ್ಗೆ ಆಡಿದ ಮಾತುಗಳ ಬರಹ ರೂಪ. ಮಾತಿನ ನಡುವೆ ಎದ್ದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೈಕ್ ಕೈಗೆ ಕೊಟ್ಟವರು "ಸರ್, ಒಂದು ತಾಸಿನ್ಯಾಗ ಮುಗಸ್ರಿ, ಊಟ ತಯಾರ್ ಐತಿ" ಎಂದಿದ್ದಾರೆ. ರೊಟ್ಟಿ, ಎಣ್ಣೆಗಾಯಿ ವಾಸನೆ ನನಗೂ ಬರುತ್ತಿದೆ. ಬೇಗ ಮುಗಿಸುತ್ತೇನೆ.

ಮೊದಲು ಈ ಮೇಜಿನ ಮೇಲಿನ ಎರಡು ಡಬ್ಬಿ ನೋಡಿ. ನಿನ್ನೆ ಸಂಜೆ ನಿಮ್ಮಲ್ಲೇ ಒಬ್ಬರ ಪಡಕ್ಕೆ, ಅಂದರೆ ದ್ರಾಕ್ಷಿ ತೋಟಕ್ಕೆ, ಹೋಗಿದ್ದೆವು. ಥಾಮ್ಸನ್ ಸೀಡ್‌ಲೆಸ್, ಡಾಗ್‌ರಿಡ್ಜ್ ಎಂಬ ತಳಿಯ ಬೇರಿನ ಮೇಲೆ ಕಸಿ, ಹನ್ನೊಂದು ವರ್ಷದ ಬಳ್ಳಿ. ಒಂದು ಡಬ್ಬಿಯಲ್ಲಿ ಡ್ರಿಪ್ಪರ್ ಕೆಳಗಿನ ಬಿಳಿ ಬೇರು ಇದೆ. ಇನ್ನೊಂದರಲ್ಲಿ ಅದೇ ತೋಟದ ಕೊನೆಯ ಸಾಲಿನ ಬೇರು. ಆ ಸಾಲು ಬದುವಿಗೆ ಹತ್ತಿದೆ, ಡ್ರಿಪ್ ಅರ್ಧ ಕಟ್ಟಿಕೊಂಡಿದೆ, ಕಸವೂ ಬೆಳೆದಿದೆ. ಮಾಲೀಕರು ಅಲ್ಲಿಗೆ ಕರೆದೊಯ್ಯಲು ಸ್ವಲ್ಪ ನಾಚಿಕೊಂಡರು. "ಇದನ್ನ ಬಿಡ್ರಿ ಸರ್, ಇದು ಕಣ್ತಪ್ಪಿದ ಸಾಲು" ಅಂದರು. ನನಗೆ ಬೇಕಾಗಿದ್ದು ಅದೇ ಸಾಲು.

ಎರಡೂ ಬೇರುಗಳನ್ನು ರಾತ್ರಿಯೇ ಕಾಸ್ಟಿಕ್ ಪೊಟ್ಯಾಶ್ ನೀರಿನಲ್ಲಿ ಬೇಯಿಸಿ, ತೊಳೆದು ಇಟ್ಟಿದ್ದೇವೆ. ಬೇಯಿಸಿದರೆ ಬೇರಿನ ಒಳಗಿನ ಸರಕೆಲ್ಲ ಕರಗಿ, ಅದು ಗಾಜಿನ ಹಾಗೆ ಆಗುತ್ತದೆ. ಇನ್ನು ಒಳಗಿರುವ ಶಿಲೀಂಧ್ರ ಕಾಣುವ ಹಾಗೆ ಬಣ್ಣ ಹಾಕುವುದೊಂದೇ ಬಾಕಿ. ಬಣ್ಣ ಯಾವುದು ಗೊತ್ತಾ? ಫೌಂಟನ್ ಪೆನ್ನಿನ ಶಾಯಿ. ಅದಕ್ಕೆ ಅಡುಗೆಮನೆಯ ವಿನೆಗರ್. ಮೊದಲೆಲ್ಲ ಟ್ರಿಪಾನ್ ಬ್ಲೂ ಎಂಬ ವಿಷಕಾರಿ ಬಣ್ಣ ಬಳಸುತ್ತಿದ್ದೆವು. 1998ರಲ್ಲಿ ಕೆಲವರು ಶಾಯಿ, ವಿನೆಗರ್ ಸಾಕು ಎಂದು ತೋರಿಸಿಕೊಟ್ಟರು. ಅಲ್ಲಿಂದ ಈ ಪರೀಕ್ಷೆ ಹೈಸ್ಕೂಲ್ ಹುಡುಗರ ಕೈಗೂ ಬಂತು. ಪೊಟ್ಯಾಶ್ ನೀರು ಮಾತ್ರ ಚರ್ಮ ಸುಡುತ್ತದೆ. ಅದನ್ನು ಮಾಸ್ತರರು ಹಿಡಿಯಲಿ, ಹುಡುಗರು ಬೇಡ.

ನಾನು ಮಾತು ಮುಗಿಸುವ ಹೊತ್ತಿಗೆ ಸ್ಲೈಡು ತಯಾರಾಗಿರುತ್ತದೆ. ಊಟಕ್ಕೆ ಮುಂಚೆ ಎಲ್ಲರೂ ಒಮ್ಮೆ ಸೂಕ್ಷ್ಮದರ್ಶಕದಲ್ಲಿ ಇಣುಕಿ ನೋಡಿ.

ಶಿಲೀಂಧ್ರ ಎಂದರೆ ದ್ರಾಕ್ಷಿಯವರಿಗೆ ಎದೆ ಧಸಕ್ಕೆನ್ನುತ್ತದೆ. ತಪ್ಪಲ್ಲ. ಡೌನಿ ಎಂಬ ಎಲೆರೋಗ, ಬೂದಿ ರೋಗ, ಗೊನೆ ಮೇಲಿನ ಬೂಷ್ಟು, ಇವೇ ನಮ್ಮ ಅರ್ಧ ಖರ್ಚು. ಮೋಡ ಕವಿದರೆ ರಾತ್ರಿ ನಿದ್ದೆ ಇಲ್ಲ. ಅಂಥವರ ಮುಂದೆ ನಿಂತು "ಶಿಲೀಂಧ್ರ ನಿಮ್ಮ ಗೆಳೆಯ" ಎಂದರೆ ಯಾರು ನಂಬುತ್ತಾರೆ?

ಇತಿಹಾಸದಲ್ಲಿ ಒಂದು ತಮಾಷೆ ಇದೆ. 1885ರಲ್ಲಿ ಫ್ರಾನ್ಸಿನ ಬೋರ್ಡೋದಲ್ಲಿ ಮಿಲಾರ್ಡೆ ಎಂಬ ಪ್ರೊಫೆಸರು ಮೈಲುತುತ್ತ, ಸುಣ್ಣದ ದ್ರಾವಣ ಡೌನಿಯನ್ನು ತಡೆಯುತ್ತದೆ ಎಂದು ಪ್ರಕಟಿಸಿದರು. ಅಲ್ಲಿಯ ರೈತರು ರಸ್ತೆ ಬದಿಯ ಸಾಲುಗಳಿಗೆ ಅದನ್ನು ಎರಚುತ್ತಿದ್ದುದು ಕಳ್ಳರ ಕಾಟಕ್ಕೆ. ನೀಲಿ ಬಣ್ಣ ಕಂಡರೆ ಯಾರೂ ಹಣ್ಣು ಕೀಳುವುದಿಲ್ಲ ಅಂತ. ಆ ಸಾಲುಗಳಲ್ಲಿ ಎಲೆ ಹಸಿರಾಗಿ ಉಳಿದದ್ದನ್ನು ಮಿಲಾರ್ಡೆ ಗಮನಿಸಿದರು. ನಮ್ಮ ಬೋರ್ಡೋ ದ್ರಾವಣ ಹುಟ್ಟಿದ್ದು ಹಾಗೆ. ಅದೇ 1885ರಲ್ಲಿ ಜರ್ಮನಿಯಲ್ಲಿ ಫ್ರಾಂಕ್ ಎಂಬ ಇನ್ನೊಬ್ಬ ಪ್ರೊಫೆಸರು 'ಮೈಕೋರೈಝಾ' ಎಂಬ ಹೆಸರು ಕಟ್ಟಿದರು. ಗ್ರೀಕ್ ಭಾಷೆಯಲ್ಲಿ ಮೈಕೋ ಎಂದರೆ ಶಿಲೀಂಧ್ರ, ರೈಝಾ ಎಂದರೆ ಬೇರು. ನೆಲದಡಿ ಬೆಳೆಯುವ ದುಬಾರಿ ಅಣಬೆ ಟ್ರಫಲ್ ಬೆಳೆಸುವುದು ಹೇಗೆಂದು ಸರ್ಕಾರ ಅವರನ್ನು ಕೇಳಿತ್ತು. ಅದನ್ನು ಹುಡುಕುತ್ತಾ ಹೋದವರಿಗೆ ಕಾಡಿನ ಮರಗಳ ಬೇರಿಗೆಲ್ಲ ಶಿಲೀಂಧ್ರ ಸುತ್ತಿಕೊಂಡಿರುವುದು ಕಂಡಿತು. ಮರಗಳು ಮಾತ್ರ ಚೆನ್ನಾಗಿಯೇ ಇದ್ದವು! ಇದು ರೋಗ ಅಲ್ಲ, ಬೇರಿಗೆ ಊಟ ತಂದುಕೊಡುವ ಏರ್ಪಾಟು ಎಂದು ಅವರು ಬರೆದರು. ಬಹಳ ಜನ ನಂಬಲಿಲ್ಲ.

ಒಂದೇ ವರ್ಷ. ಒಬ್ಬರು ಕೊಲ್ಲುವ ಔಷಧ ತಂದರು, ಇನ್ನೊಬ್ಬರು ಉಳಿಸಿಕೊಳ್ಳಬೇಕಾದದ್ದನ್ನು ತೋರಿಸಿದರು. ಮೊದಲನೆಯವರ ಮಾತು ನಮ್ಮ ಪಡಕ್ಕೆ ಎಂದೋ ಬಂದು ಮುಟ್ಟಿತು. ಎರಡನೆಯವರ ಮಾತು ಈಗ ಬರುತ್ತಿದೆ, ಅದೂ ಈ ಶಿಲೀಂಧ್ರ ತುಂಬಿ ಮಾರುವ ಪ್ಯಾಕೆಟ್ ರೂಪದಲ್ಲಿ.

ಫ್ರಾಂಕ್ ನೋಡಿದ್ದು ಮರದ ಬೇರಿನ ಹೊರಗೆ ಸುತ್ತಿಕೊಳ್ಳುವ ಜಾತಿ. ದ್ರಾಕ್ಷಿಯಲ್ಲಿರುವುದು ಬೇರಿನ ಒಳಗೇ ಹೋಗುವ ಜಾತಿ. ಜೋಳ, ತೊಗರಿ, ಕಡಲೆ, ಈರುಳ್ಳಿ, ದಾಳಿಂಬೆ, ನಿಂಬೆ, ಎಲ್ಲದರಲ್ಲೂ ಇದೇ. ಭೂಮಿಯ ಮೇಲಿನ ಗಿಡಜಾತಿಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಈ ಸಂಸಾರ ಹೂಡಿವೆ. ಇದು ನೆಲದ ಮೇಲೆ ಅಣಬೆ ಬಿಡುವುದಿಲ್ಲ. "ಪಡದಾಗ ಅಣಬಿ ಎದ್ದಾವ್ರೀ, ಇದ ಅಲ್ಲೇನ್ರೀ?" ಎಂದು ಫೋಟೋ ಕಳಿಸುತ್ತೀರಲ್ಲ, ಅದು ಗೊಬ್ಬರ ಕೊಳೆಸುವ ಬೇರೆ ಶಿಲೀಂಧ್ರ. ನಮ್ಮದು ಬರಿಗಣ್ಣಿಗೆ ಬೀಳುವುದೇ ಇಲ್ಲ.

ಎಷ್ಟು ಹಳೆಯದು ಗೊತ್ತಾ? ಸ್ಕಾಟ್ಲೆಂಡಿನ ರೈನಿ ಎಂಬ ಊರಿನ ಹತ್ತಿರ ಕಲ್ಲಾಗಿ ಉಳಿದ ಗಿಡಗಳು ಸಿಕ್ಕಿವೆ. ಸುಮಾರು 40 ಕೋಟಿ ವರ್ಷ ಹಿಂದಿನವು. ಆ ಗಿಡಗಳಿಗೆ ಸರಿಯಾದ ಬೇರೇ ಇರಲಿಲ್ಲ. ಆದರೆ ಅವುಗಳ ಒಳಗೆ ಈ ಶಿಲೀಂಧ್ರ ಇದೆ. ಅಂದರೆ ಗಿಡಕ್ಕೆ ಬೇರು ಬರುವ ಮುಂಚೆಯೇ ಇವರು ಬಂದು ಕೂತಿದ್ದರು.

ಈಗ ದ್ರಾಕ್ಷಿಗೆ ಬರೋಣ. ದ್ರಾಕ್ಷಿಯ ಬೇರು ಸ್ವಲ್ಪ ದಪ್ಪ ಜಾತಿ. ಜೋಳದ ಬೇರು ನೋಡಿ, ಕೂದಲು ಹರಡಿದ ಹಾಗೆ ಇರುತ್ತದೆ. ದ್ರಾಕ್ಷಿಗೆ ಆ ಸೊಬಗಿಲ್ಲ, ಬೇರುಗೂದಲೂ ಕಡಿಮೆ. ರಂಜಕ ಇದೆಯಲ್ಲ, ಅದು ಮಣ್ಣಿನಲ್ಲಿ ಮಹಾ ಸೋಮಾರಿ. ಸಾರಜನಕ ನೀರಿನ ಜತೆ ಓಡಾಡುತ್ತದೆ. ರಂಜಕ ಕೂತಲ್ಲೇ ಕೂರುತ್ತದೆ. ಬೇರು ತನ್ನ ಸುತ್ತಲಿನ ಒಂದೆರಡು ಮಿಲಿಮೀಟರ್ ಜಾಗದ ರಂಜಕ ತಿಂದು ಮುಗಿಸಿದರೆ, ಆಚೆಯದು ತಾನಾಗಿ ಬರುವುದಿಲ್ಲ. ತಟ್ಟೆ ಖಾಲಿ, ಪಾತ್ರೆ ಕೈಗೆ ಎಟುಕುವುದಿಲ್ಲ.

ಅಲ್ಲಿ ಈ ಶಿಲೀಂಧ್ರದ ಕೆಲಸ ಶುರು. ಬೇರಿನ ಒಳಗಿಂದ ಹೊರಟ ಎಳೆಗಳು ಮಣ್ಣಿನಲ್ಲಿ ಹಲವು ಸೆಂಟಿಮೀಟರ್ ದೂರ ಹೋಗುತ್ತವೆ. ಈ ಎಳೆ ಬೇರುಗೂದಲಿಗಿಂತ ಎಷ್ಟೋ ಸಪೂರ. ಬೇರಿಗೆ ನುಗ್ಗಲಾಗದ ಎರೆಮಣ್ಣಿನ ಸಂದಿಗೂ ನುಗ್ಗುತ್ತದೆ. ಆರೋಗ್ಯವಾದ ಮಣ್ಣಾದರೆ ಒಂದು ಗ್ರಾಂ, ಅಂದರೆ ಒಂದು ಚಿಟಿಕೆ ಮಣ್ಣಿನಲ್ಲಿ ಹಲವು ಮೀಟರ್ ಉದ್ದದ ಎಳೆ ಇರುತ್ತದೆ. ಅಲ್ಲಿಂದ ರಂಜಕ, ಜಿಂಕ್, ತಾಮ್ರ ಹೊತ್ತು ತಂದು ಬೇರಿನ ಜೀವಕೋಶದ ಒಳಗೆ ಇಳಿಸುತ್ತದೆ. ಇಳಿಸುವ ಜಾಗಕ್ಕೆ ಆರ್ಬಸ್ಕ್ಯೂಲ್ ಎನ್ನುತ್ತಾರೆ. ಪುಟ್ಟ ಮರ ಎಂದು ಅರ್ಥ. ಒಂದು ಕೋಶದೊಳಗೆ ಒಂದು ಮರ. ಕೆಲವೇ ದಿನ ಬಾಳಿ ಕರಗುತ್ತದೆ, ಪಕ್ಕದ ಕೋಶದಲ್ಲಿ ಇನ್ನೊಂದು ಏಳುತ್ತದೆ.

ಪುಕ್ಕಟೆ ಅಲ್ಲ. ಬಳ್ಳಿ ಎಲೆಯಲ್ಲಿ ತಯಾರಿಸಿದ ಸಕ್ಕರೆಯಲ್ಲಿ ಒಂದು ಪಾಲು ಕೆಳಗೆ ಹೋಗುತ್ತದೆ. ನೂರಕ್ಕೆ ನಾಲ್ಕರಿಂದ ಇಪ್ಪತ್ತರವರೆಗೆ ಎಂಬ ಲೆಕ್ಕ ಇದೆ. ಸಕ್ಕರೆ ಮಾತ್ರ ಕೊಡುತ್ತದೆ ಎಂದು ಬಹಳ ವರ್ಷ ತಿಳಿದಿದ್ದರು. ಗಿಡ ಕೊಬ್ಬನ್ನೂ ಮಾಡಿ ಬಡಿಸುತ್ತದೆ ಎಂಬುದು 2017ರಲ್ಲಿ ಗೊತ್ತಾಯಿತು. ಈ ಶಿಲೀಂಧ್ರಕ್ಕೆ ಕೊಬ್ಬನ್ನು ಮೊದಲಿಂದ ತಯಾರಿಸುವ ಶಕ್ತಿಯೇ ಇಲ್ಲ. ಅದಕ್ಕೇ ಗಿಡವಿಲ್ಲದೆ ಬದುಕಲಾರದು.

ಇಬ್ಬರೂ ಸಾಧುಗಳೇನಲ್ಲ. ತಾಸಗಾಂವ್ ಮಾರುಕಟ್ಟೆಗೆ ಮಣೂಕ, ಅಂದರೆ ಒಣದ್ರಾಕ್ಷಿ, ಒಯ್ಯುವಾಗ ನೀವು ಯಾವ ಅಡತಿಯವನು ರೇಟು ಚೆನ್ನಾಗಿ ಕೊಡುತ್ತಾನೆ ನೋಡಿ ಅಲ್ಲಿಗೆ ಹೋಗುತ್ತೀರಲ್ಲ, ಹಾಗೇ. 2011ರಲ್ಲಿ ಟೋಬಿ ಕಿಯರ್ಸ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಇದನ್ನು ತೋರಿಸಿದರು. ಜಾಸ್ತಿ ರಂಜಕ ತರುವ ಶಿಲೀಂಧ್ರಕ್ಕೆ ಬೇರು ಜಾಸ್ತಿ ಸಕ್ಕರೆ ಕೊಡುತ್ತದೆ. ಶಿಲೀಂಧ್ರವೂ ಅಷ್ಟೇ, ಸಕ್ಕರೆ ಜಾಸ್ತಿ ಕೊಟ್ಟ ಬೇರಿಗೆ ಜಾಸ್ತಿ ರಂಜಕ ಇಳಿಸುತ್ತದೆ. ಅಪ್ಪಟ ಸೌದಾ.

ನಾನು ಇಲ್ಲಿಯವರೆಗೆ ಬಂದದ್ದು ಮುಂದಿನ ಮಾತಿಗಾಗಿ. ಇದೊಂದು ನೆನಪಿಟ್ಟುಕೊಂಡರೆ ಉಳಿದದ್ದು ಮರೆತರೂ ಪರವಾಗಿಲ್ಲ.

ನಿಮ್ಮಲ್ಲಿ ಹಿರಿಯರಿಗೆ ಜೋಳದ ಹೊಲ ಗೊತ್ತು. ಜೋಳದ ಬುಡದಲ್ಲಿ ಬಿಳಿ ಹೂ ಬಿಡುವ ಒಂದು ಗಿಡ್ಡ ಕಸ ಏಳುತ್ತದೆ. ಇಂಗ್ಲಿಷ್ ಓದಿದವರು ಸ್ಟ್ರೈಗಾ ಎನ್ನುತ್ತಾರೆ. ಜೋಳದ ಬೇರಿಗೆ ಕಚ್ಚಿಕೊಂಡು ರಸ ಹೀರುತ್ತದೆ. ಅದರ ಬೀಜ ಧೂಳಿನಷ್ಟು ಸಣ್ಣದು, ವರ್ಷಗಟ್ಟಲೆ ಮಣ್ಣಿನಲ್ಲಿ ಮಲಗಿರುತ್ತದೆ. ಹತ್ತಿರದಲ್ಲಿ ಬೇರು ಬಂದಾಗ ಮಾತ್ರ ಮೊಳೆಯುತ್ತದೆ. ಅದಕ್ಕೆ ಹೇಗೆ ಗೊತ್ತಾಗುತ್ತದೆ? ಬೇರು ಒಂದು ರಾಸಾಯನಿಕ ಬಿಡುತ್ತದೆ, ಅದರ ಸುಳಿವು ಹಿಡಿದು ಏಳುತ್ತದೆ. 1966ರಲ್ಲಿ ಅಮೆರಿಕದಲ್ಲಿ ಹತ್ತಿಯ ಬೇರಿನಿಂದ ಆ ರಾಸಾಯನಿಕವನ್ನು ಬೇರ್ಪಡಿಸಿದರು. ಸ್ಟ್ರೈಗಾದ ಹೆಸರಿನಿಂದಲೇ ಸ್ಟ್ರೈಗಾಲ್ ಎಂದು ಕರೆದರು.

ಆಮೇಲೆ ನಲವತ್ತು ವರ್ಷ ಒಂದು ಒಗಟು. ಯಾವ ಗಿಡವಾದರೂ ತನ್ನ ವೈರಿಯನ್ನು ತಾನೇ ಯಾಕೆ ಕೂಗಿ ಕರೆಯುತ್ತದೆ? ಬಾಗಿಲು ತೆರೆದಿಟ್ಟು ಕಳ್ಳನಿಗೆ ವಿಳಾಸ ಹೇಳುವವರು ಉಂಟಾ? 2005ರಲ್ಲಿ ಜಪಾನಿನ ಅಕಿಯಾಮ ಮತ್ತು ಸಂಗಡಿಗರು ಉತ್ತರ ಕಂಡುಕೊಂಡರು. ಕೂಗು ಕಳ್ಳನಿಗಲ್ಲ, ನೆಂಟನಿಗೆ. ಆ ರಾಸಾಯನಿಕ ಸೋಕಿದ ಕೂಡಲೇ ನಮ್ಮ ಬೇರು ಶಿಲೀಂಧ್ರದ ಎಳೆ ಕವಲೊಡೆದು ಕವಲೊಡೆದು ಬೇರಿನ ಕಡೆ ಹರಡುತ್ತದೆ. ಸ್ಟ್ರೈಗಾ ಆ ಕೂಗನ್ನು ಕದ್ದು ಕೇಳಿಸಿಕೊಂಡಿತ್ತು, ಅಷ್ಟೇ. (ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಮಾಡುವವರಿಗೆ ಇನ್ನೊಂದು ಸುದ್ದಿ. ಗಿಡದ ಮೇಲ್ಭಾಗದಲ್ಲಿ ಎಷ್ಟು ಕಣ್ಣು ಕವಲೊಡೆಯಬೇಕು ಎಂಬುದನ್ನು ಹಿಡಿತದಲ್ಲಿಡುವುದೂ ಇದೇ ಗುಂಪಿನ ರಾಸಾಯನಿಕ ಎಂದು 2008ರಲ್ಲಿ ತಿಳಿಯಿತು. ಅದು ಬೇರೆ ಕತೆ, ಇವತ್ತು ಬೇಡ.)

ಗಿಡ ಈ ಕೂಗನ್ನು ಯಾವಾಗ ಹಾಕುತ್ತದೆ? ಹಸಿದಾಗ. ರಂಜಕ ಕಡಿಮೆ ಬಿದ್ದಾಗ ಬೇರು ಇದನ್ನು ಜಾಸ್ತಿ ಬಿಡುತ್ತದೆ. ರಂಜಕ ಹೊಟ್ಟೆ ತುಂಬ ಸಿಕ್ಕಿತೋ, ಕೂಗು ನಿಲ್ಲುತ್ತದೆ. ಬಂದ ನೆಂಟನನ್ನೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅದರಲ್ಲಿ ಗಿಡದ ತಪ್ಪೇನಿದೆ? ಬಾಗಿಲಿಗೆ ಪುಕ್ಕಟೆ ರೇಷನ್ ಬರುವಾಗ ಸಂತೆಗೆ ದುಡ್ಡು ಕೊಟ್ಟು ಹೋಗುವವರು ಯಾರು?

ಈಗ ನಮ್ಮ ಲೆಕ್ಕ ತೆಗೆಯೋಣ. ಒಂದು ಟನ್ ದ್ರಾಕ್ಷಿ ಹಣ್ಣಿನ ಜತೆ ತೋಟದಿಂದ ಹೊರಗೆ ಹೋಗುವ ರಂಜಕ, ಗೊಬ್ಬರದ ಚೀಲದ ಲೆಕ್ಕದಲ್ಲಿ ಒಂದು ಕಿಲೋಗೂ ಕಡಿಮೆ. ಎಕರೆಗೆ ಹತ್ತು ಟನ್ ತೆಗೆದಿರಿ ಎನ್ನಿ. ಹತ್ತು ಕಿಲೋ ದಾಟುವುದಿಲ್ಲ. 50 ಕಿಲೋದ ಒಂದು ಡಿಎಪಿ ಚೀಲದಲ್ಲಿ 23 ಕಿಲೋ ಇದೆ. ನೀವು ಎಷ್ಟು ಚೀಲ ಹಾಕುತ್ತೀರಿ? ಕೈ ಎತ್ತುವುದು ಬೇಡ, ಮನಸ್ಸಿನಲ್ಲೇ ಎಣಿಸಿ. ಅದರ ಮೇಲೆ ಡ್ರಿಪ್ಪಿನಲ್ಲಿ ಫಾಸ್ಫರಿಕ್ ಆಸಿಡ್. ಅದರ ಮೇಲೆ ತಿಪ್ಪೆಗೊಬ್ಬರ, ಕೋಳಿ ಗೊಬ್ಬರ.

ನಮ್ಮ ಎರೆಭೂಮಿಯಲ್ಲಿ ಸುಣ್ಣ ಜಾಸ್ತಿ. ಹಾಕಿದ ರಂಜಕವನ್ನು ಸುಣ್ಣ ಹಿಡಿದುಕೊಳ್ಳುತ್ತದೆ. "ಅದಕ್ಕ ಜಾಸ್ತಿ ಹಾಕತೀವ್ರೀ" ಎನ್ನುತ್ತೀರಿ. ಸರಿ. ಆದರೆ ಅದು ಎಲ್ಲಿಗೂ ಹೋಗಿಲ್ಲ, ಅಲ್ಲೇ ಇದೆ. ವರ್ಷದಿಂದ ವರ್ಷಕ್ಕೆ ಕೂಡುತ್ತಾ ಇದೆ. ಬ್ಯಾಂಕಿನಲ್ಲಿ ದುಡ್ಡಿದೆ, ಪಾಸ್‌ಬುಕ್ ನಿಮ್ಮ ಹೆಸರಿನಲ್ಲಿದೆ, ತೆಗೆದುಕೊಡುವ ಕ್ಯಾಷಿಯರ್‌ನನ್ನು ನೀವೇ ಮನೆಗೆ ಕಳಿಸಿದ್ದೀರಿ.

ಕ್ಯಾಷಿಯರ್ ಹೋದರೆ ಇನ್ನೊಂದು ತಾಪತ್ರಯ. ಜಿಂಕ್ ತರುವವನೂ ಅವನೇ. ರಂಜಕ ಜಾಸ್ತಿ ಇದ್ದ ತೋಟದಲ್ಲಿ ಜಿಂಕ್ ಕೊರತೆ ಕಾಣಿಸುವುದಕ್ಕೆ ಇದೂ ಒಂದು ಕಾರಣ. ಎಲೆ ಸಣ್ಣದಾಗುತ್ತದೆ, ಒಂದೇ ಗೊನೆಯಲ್ಲಿ ದೊಡ್ಡ ಕಾಳು, ಸಾಸಿವೆಯಂಥ ಕಾಳು ಎರಡೂ ಇರುತ್ತವೆ. ಆಮೇಲೆ ಜಿಂಕ್ ಸ್ಪ್ರೇ. ಅದಕ್ಕೆ ಬೇರೆ ಬಿಲ್ಲು.

ಇದನ್ನೆಲ್ಲ ದೊಡ್ಡ ಪಂಡಿತನ ಹಾಗೆ ಹೇಳುತ್ತಿದ್ದೇನೆ. ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಬಹಳ ವರ್ಷದ ಹಿಂದೆ, ಆಗ ನನಗೆ ಹುರುಪು ಜಾಸ್ತಿ, ಒಬ್ಬ ರೈತರಿಗೆ ಹೊಸ ಪಡ ಹಾಕುವಾಗ ವ್ಯಾಮ್ ಹಾಕಲೇಬೇಕು ಎಂದು ಗಂಟುಬಿದ್ದೆ. ನಿಮಗೆ ಮೈಕೋರೈಝಾಗಿಂತ ವ್ಯಾಮ್ ಎಂಬ ಹೆಸರೇ ಪರಿಚಯ, ಎರಡೂ ಒಂದೇ. ಅವರು ಮರ್ಯಾದೆಯಿಂದ ಕೊಂಡು ತಂದು ಪ್ರತಿ ಗುಂಡಿಗೂ ಹಾಕಿದರು. ಒಂದು ವರ್ಷ ಬಿಟ್ಟು ಹೋಗಿ ನೋಡಿದರೆ, ಹಾಕಿದ ಸಾಲಿಗೂ ಹಾಕದ ಸಾಲಿಗೂ ಕೂದಲೆಳೆ ವ್ಯತ್ಯಾಸ ಇಲ್ಲ. ಬೇರು ತೆಗೆದು ಬಣ್ಣ ಹಾಕಿದೆ. ಖಾಲಿ. ಪ್ಯಾಕೆಟ್ ಸರಿ ಇಲ್ಲ ಎಂದು ಬೈದುಕೊಂಡೆ. ಆಮೇಲೆ ಮಾತಾಡುತ್ತಾ ಕೇಳಿದೆ, "ಗುಂಡಿಗೆ ಮತ್ತೇನು ಹಾಕಿದ್ರಿ?" ಅವರು ಸಹಜವಾಗಿ, "ನೀವ ಹೇಳಿದ್ದರಲ್ರೀ ಸರ್, ಡಿಎಪಿ. ಮ್ಯಾಲೆ ಕಾರ್ಬೆಂಡಜಿಮ್ ಡ್ರೆಂಚಿಂಗ್" ಎಂದರು.

ನಾನೇ ಹೇಳಿದ್ದೆ. ಬೇರೆ ಬೇರೆ ದಿನ, ಬೇರೆ ಬೇರೆ ಚೀಟಿಯಲ್ಲಿ. ಮೊದಲ ಚೀಟಿಯಲ್ಲಿ ಶಿಲೀಂಧ್ರ ಹಾಕಿಸಿ, ಎರಡನೆಯದರಲ್ಲಿ ಬೇರಿನ ಬಾಯಿ ಮುಚ್ಚಿಸಿ, ಮೂರನೆಯದರಲ್ಲಿ ಶಿಲೀಂಧ್ರನಾಶಕ ಹುಯ್ಯಿಸಿದ್ದೆ. ಆ ಮನುಷ್ಯ ಇವತ್ತಿಗೂ ನನ್ನನ್ನು ಬೈದಿಲ್ಲ. ಅದೇ ಕಷ್ಟ.

ಎಲ್ಲ ಶಿಲೀಂಧ್ರನಾಶಕವೂ ಇದನ್ನು ಕೊಲ್ಲುವುದಿಲ್ಲ. ಬೆನೋಮಿಲ್, ಕಾರ್ಬೆಂಡಜಿಮ್ ಗುಂಪು ಕೆಟ್ಟದ್ದು, ಅದರಲ್ಲೂ ಮಣ್ಣಿಗೆ ಹುಯ್ದರೆ. ಡೌನಿಗೆ ಬಳಸುವ ಮೆಟಲಾಕ್ಸಿಲ್, ಫೋಸೆಟೈಲ್ ಅಷ್ಟು ತೊಂದರೆ ಕೊಡುವುದಿಲ್ಲ. ಡೌನಿ ತರುವ ಜೀವಿ ಹೆಸರಿಗೆ ಮಾತ್ರ ಶಿಲೀಂಧ್ರ, ವಂಶ ಬೇರೆ. ಅದಕ್ಕೆ ಮಾಡಿದ ಔಷಧ ಇದಕ್ಕೆ ಅಷ್ಟಾಗಿ ತಟ್ಟುವುದಿಲ್ಲ. ಎಲೆ ಮೇಲೆ ಹೊಡೆದದ್ದಕ್ಕೂ ಬುಡಕ್ಕೆ ಹುಯ್ದದ್ದಕ್ಕೂ ಅಜಗಜಾಂತರ. ಮೈಲುತುತ್ತದ್ದು ನಿಧಾನದ ವಿಷ. ತಾಮ್ರ ಮಣ್ಣಿನಿಂದ ಎಲ್ಲೂ ಹೋಗುವುದಿಲ್ಲ, ಯುರೋಪಿನ ಹಳೆಯ ತೋಟಗಳಲ್ಲಿ ನೂರು ವರ್ಷದ ತಾಮ್ರ ಕೂತಿದೆ. ಬೋರ್ಡೋ ಬಿಡಿ ಎನ್ನುತ್ತಿಲ್ಲ, ಡೌನಿ ವರ್ಷದಲ್ಲಿ ನಾನೂ ಅದನ್ನೇ ಹೊಡೆಯುತ್ತೇನೆ. ನೆಲಕ್ಕೆ ಸೋರುವಷ್ಟು ಹೊಡೆಯಬೇಡಿ.

ಮಣ್ಣನ್ನು ಪೂರ್ತಿ ಕೊಂದರೆ ಏನಾಗುತ್ತದೆ ಎಂಬುದಕ್ಕೆ ಒಂದು ಹಳೆಯ ಕತೆ ಇದೆ. ಅಮೆರಿಕದ ನಿಂಬೆ ಜಾತಿಯ ನರ್ಸರಿಗಳಲ್ಲಿ ರೋಗ ಬಾರದಿರಲಿ ಎಂದು ಮಣ್ಣಿಗೆ ಹೊಗೆ ಹಾಕುತ್ತಿದ್ದರು. ಮೀಥೈಲ್ ಬ್ರೋಮೈಡ್ ಎಂಬ ಗ್ಯಾಸು. ಮಣ್ಣು ಶುದ್ಧವಾಯಿತು, ಸಸಿಗಳು ಕುಳ್ಳಾದವು. ಗ್ಯಾಸಿನ ವಿಷ ಉಳಿದಿದೆ ಎಂದುಕೊಂಡರು. 1972ರಲ್ಲಿ ಇಬ್ಬರು ವಿಜ್ಞಾನಿಗಳು ಬೇರು ಶಿಲೀಂಧ್ರ ಸತ್ತಿರುವುದೇ ಕಾರಣ ಎಂದು ತೋರಿಸಿದರು. ಅದನ್ನು ತಿರುಗಿ ಹಾಕಿದರೆ ಸಸಿ ಚಿಗುರುತ್ತಿತ್ತು.

ನಮ್ಮ ರಾಜ್ಯವೇನೂ ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಡಿ. ಜೆ. ಭಾಗ್ಯರಾಜ್ ಅವರು ದಶಕಗಳ ಕಾಲ ಇದೇ ಕೆಲಸ ಮಾಡಿದರು. ಒಂದು ಜಾತಿಯ ಬೇರು ಶಿಲೀಂಧ್ರಕ್ಕೆ ಅವರ ಹೆಸರೇ ಇಟ್ಟಿದ್ದಾರೆ, ಗ್ಲೋಮಸ್ ಭಾಗ್ಯರಾಜಿ ಅಂತ.

ಪ್ಯಾಕೆಟ್ ಬಗ್ಗೆ ಹೇಳದೆ ಹೋದರೆ ನೀವು ಬಿಡುವುದಿಲ್ಲ. ಹೊಸದಾಗಿ ಡಾಗ್‌ರಿಡ್ಜ್ ನೆಡುವಾಗ ಹಾಕುವುದಕ್ಕೆ ಅರ್ಥ ಇದೆ. ನರ್ಸರಿಯ ಚೀಲದ ಮಣ್ಣಿನಲ್ಲಿ ಇದು ಇರುವುದು ಕಡಿಮೆ. ಬೇರಿಗೆ ತಾಗುವ ಹಾಗೆ ಹಾಕಬೇಕು, ಮೇಲೆ ಉದುರಿಸಿದರೆ ಪ್ರಯೋಜನ ಇಲ್ಲ. ಹತ್ತು ವರ್ಷದ ಬಳ್ಳಿಗೆ ಡ್ರಿಪ್ಪಿನಲ್ಲಿ ಬಿಡುವುದು ನನ್ನ ಮಟ್ಟಿಗೆ ದುಡ್ಡು ಹಾಳು. ಅಲ್ಲಿ ನಿಮ್ಮದೇ ಮಣ್ಣಿನವು ಇವೆ, ಅವು ಮಾಡದ ಕೆಲಸವನ್ನು ಪರದೇಶಿಗಳು ಬಂದು ಮಾಡುವುದಿಲ್ಲ. ಕೊಳ್ಳುವುದಾದರೆ ಪ್ಯಾಕೆಟ್ ತಿರುಗಿಸಿ ಓದಿ. ಕೇಂದ್ರ ಸರ್ಕಾರದ ಗೊಬ್ಬರ ಆದೇಶದಲ್ಲಿ ಇದಕ್ಕೂ ನಿಯಮ ಇದೆ. ಗ್ರಾಂಗೆ ಕಡಿಮೆ ಎಂದರೂ 100 ಜೀವಂತ ಕಣ, ಅದರಲ್ಲಿ 60 ಬೀಜಾಣು ಇರಬೇಕು. ಆ ಸಂಖ್ಯೆ ಬರೆಯದೆ "ಬಿಳಿ ಬೇರಿನ ಬಾಹುಬಲಿ" ಎಂದು ಚಿತ್ರ ಹಾಕಿದ್ದರೆ ಕೆಳಗಿಡಿ.

ಮಧ್ಯದಲ್ಲಿ ಒಬ್ಬರು ಎದ್ದು ಕೇಳಿದರು: "ಸರ್, ನಾವು ಬೆಲ್ಲದ ನೀರಾಗ ಟ್ರೈಕೋಡರ್ಮಾ ಬೆಳಸ್ತೀವಲ್ರೀ, ಹಂಗ ಇದನ್ನೂ 200 ಲೀಟರ್ ಡ್ರಮ್ಮಿನ್ಯಾಗ ಬೆಳಸಬಹುದೇನ್ರೀ?"

ಒಳ್ಳೆಯ ಪ್ರಶ್ನೆ. ಆಗುವುದಿಲ್ಲ. ಟ್ರೈಕೋಡರ್ಮಾ ಕೂಡ ಶಿಲೀಂಧ್ರವೇ, ಆದರೆ ಸ್ವತಂತ್ರ ಜೀವಿ, ಎಲ್ಲಿ ಊಟ ಇದೆಯೋ ಅಲ್ಲಿ ಬೆಳೆಯುತ್ತದೆ. ಇದು ಜೀವಂತ ಬೇರಿನ ಒಳಗೆ ಮಾತ್ರ. ಬೆಲ್ಲದ ನೀರಿನಲ್ಲಿ ವ್ಯಾಮ್ ಹಾಕಿ ಎಂಟು ದಿನ ಕಲಕಿದರೆ ನೀವು ಬೆಳೆಸುವುದು ಬೇರೆ ಏನನ್ನೋ. ಯಾರಾದರೂ ಡ್ರಮ್ಮಿನಲ್ಲಿ ದುಪ್ಪಟ್ಟಾಗುತ್ತದೆ ಎಂದು ಮಾರಲು ಬಂದರೆ ಚಹಾ ಕುಡಿಸಿ ಕಳಿಸಿ.

ಬೆಳೆಸಲೇಬೇಕಾದರೆ ದಾರಿ ಇದೆ. ಆರು ಅಡಿ ಉದ್ದ, ಮೂರು ಅಡಿ ಅಗಲ, ಒಂದು ಅಡಿ ಆಳದ ಗುಂಡಿ ತೆಗೆಯಿರಿ. ತೂತು ಮಾಡಿದ ಪ್ಲಾಸ್ಟಿಕ್ ಹಾಸಿ. ಮರಳು, ಮಣ್ಣು ಬೆರೆಸಿ ತುಂಬಿ. ನಡುವೆ ಒಂದು ಪದರ ಒಳ್ಳೆಯ ವ್ಯಾಮ್ ಹರಡಿ, ಮೇಲೆ ಜೋಳವೋ ಮೆಕ್ಕೆಜೋಳವೋ ಈರುಳ್ಳಿಯೋ ಒತ್ತಾಗಿ ಬಿತ್ತಿ. ರಂಜಕ ಮಾತ್ರ ಹಾಕಬೇಡಿ, ಬೆಳೆ ಸ್ವಲ್ಪ ಹಸಿದಿರಲಿ. ಮೂರು ತಿಂಗಳ ಹತ್ತಿರ ಬಿಡಿ. ಕೊನೆಯ ಹತ್ತು ದಿನ ನೀರು ನಿಲ್ಲಿಸಿ. ಗಿಡ ಒಣಗುವಾಗ ಶಿಲೀಂಧ್ರಕ್ಕೆ ಗಾಬರಿಯಾಗಿ ಬೀಜಾಣು ಕಟ್ಟುತ್ತದೆ. ಮೇಲಿನದ್ದು ದನಕ್ಕೆ ಕೊಯ್ದು ಹಾಕಿ. ಬೇರನ್ನು ಸಣ್ಣಗೆ ಕತ್ತರಿಸಿ ಅದೇ ಮಣ್ಣಿಗೆ ಬೆರೆಸಿದರೆ ಅದೇ ನಿಮ್ಮ ಗೊಬ್ಬರ. ಅಂಗಡಿಯ ಪುಡಿಗಿಂತ ನನಗೆ ಇದರ ಮೇಲೆ ನಂಬಿಕೆ ಜಾಸ್ತಿ.

ಇನ್ನು ಸಾಲಿನ ನಡುವಿನ ಜಾಗ. ಪಡ ಎಂದರೆ ಅಂಗಳ ಇದ್ದ ಹಾಗೆ ಇರಬೇಕು, ಒಂದು ಹುಲ್ಲುಕಡ್ಡಿ ಕಾಣಬಾರದು ಎಂಬ ಹಟ ನಮ್ಮದು. ಕಳೆನಾಶಕ, ಇಲ್ಲವೇ ರೋಟಾವೇಟರ್. ಈ ಎಳೆಗಳ ಜಾಲವನ್ನು ರೋಟಾವೇಟರ್ ಪ್ರತಿ ಸಲ ಚಿಂದಿ ಮಾಡುತ್ತದೆ. ಹುರುಳಿ, ಅಲಸಂದೆ, ಸೆಣಬು, ಹೆಸರು, ಏನಾದರೂ ಚೆಲ್ಲಿ. ಅವುಗಳ ಬೇರಿನಲ್ಲೂ ಇದೇ ಶಿಲೀಂಧ್ರ ಉಳಿಯುತ್ತದೆ, ಬಳ್ಳಿಯ ಬೇರಿಗೂ ದಾಟುತ್ತದೆ. ಸಾಸಿವೆ, ಎಲೆಕೋಸು, ಪಾಲಕ್, ರಾಜಗಿರಿ ಮಾತ್ರ ಇದನ್ನು ಹತ್ತಿರ ಸೇರಿಸುವುದಿಲ್ಲ. ಅವು ಈ ಸೌದಾದಿಂದ ಎಂದೋ ಹೊರಬಿದ್ದ ಕುಟುಂಬಗಳು.

"ಹಂಗಾದ್ರ ಡಿಎಪಿ ಪೂರ್ತಿ ಬಿಡೂದೇನ್ರೀ?" ಎಂಬ ಪ್ರಶ್ನೆ ಬಂತು. ಮಣ್ಣು ಪರೀಕ್ಷೆಯ ಚೀಟಿ ನೋಡದೆ ನಾನು ಹೌದು ಎನ್ನುವುದಿಲ್ಲ, ಇಲ್ಲ ಎನ್ನುವುದೂ ಇಲ್ಲ. ಚೀಟಿಯಲ್ಲಿ ರಂಜಕ ಹೆಕ್ಟೇರಿಗೆ ಸುಮಾರು 55 ಕಿಲೋ ದಾಟಿದ್ದರೆ ಅದು 'ಜಾಸ್ತಿ' ಸಾಲಿಗೆ ಸೇರಿದೆ. ಅಂಥವರು ಒಂದು ಎಕರೆಯಲ್ಲಿ ಮಾತ್ರ ಒಂದು ವರ್ಷ ನಿಲ್ಲಿಸಿ ನೋಡಿ. ಪೆಟಿಯೋಲ್ ಟೆಸ್ಟ್, ಅಂದರೆ ಎಲೆತೊಟ್ಟಿನ ಪರೀಕ್ಷೆ, ಹೇಗೂ ಮಾಡಿಸುತ್ತೀರಿ, ಅದರಲ್ಲಿ ಇಳಿದರೆ ಮತ್ತೆ ಹಾಕಿ. ಎಲ್ಲ ಹತ್ತು ಎಕರೆಯಲ್ಲೂ ಒಮ್ಮೆಗೇ ನಿಲ್ಲಿಸಿ, ಆಮೇಲೆ ನನ್ನ ಮನೆ ಹುಡುಕಿಕೊಂಡು ಬರಬೇಡಿ. ಓಡಿಸಿದ ಶಿಲೀಂಧ್ರ ಒಂದು ದಿನದಲ್ಲಿ ತಿರುಗಿ ಬರುವುದಿಲ್ಲ.

ಹಿಂದಿನ ಸಾಲಿನಲ್ಲಿ ಕೂತಿದ್ದ ಅಕ್ಕನೊಬ್ಬರು ಕೇಳಿದ್ದು ಎಲ್ಲರ ಮನಸ್ಸಿನದ್ದು. "ಇದರಿಂದ ಮಣೂಕದ ತೂಕ ಹೆಚ್ಚಾಗತೈತೇನ್ರೀ ಸರ್?"

ಅಕ್ಕಾರೇ, ಆಗುತ್ತದೆ ಎಂದರೆ ಚಪ್ಪಾಳೆ ಬೀಳುತ್ತದೆ. ಆದರೆ ಹಾಗೆ ಮಾತು ಕೊಡಲಾರೆ. ಎಷ್ಟೋ ಸಲ ಶಿಲೀಂಧ್ರ ಚೆನ್ನಾಗಿ ಕೆಲಸ ಮಾಡುತ್ತಿದ್ದರೂ ಗಿಡ ದೊಡ್ಡದಾಗುವುದಿಲ್ಲ, ಬೇರಿನ ಕೆಲಸವನ್ನು ಇದು ವಹಿಸಿಕೊಂಡಿರುತ್ತದೆ, ಅಷ್ಟೇ. ಲಾಭ ಕಾಣುವುದು ಗೊಬ್ಬರದ ಬಿಲ್ಲಿನಲ್ಲಿ. ಬೋರು ಬತ್ತಿ ಟ್ಯಾಂಕರ್ ನೀರು ಹೊಡೆಸುವ ವರ್ಷದಲ್ಲಿ, ಉಪ್ಪು ನೀರಿನ ಜಾಗದಲ್ಲಿ, ಬಳ್ಳಿ ಸ್ವಲ್ಪ ತಡೆದುಕೊಂಡು ನಿಲ್ಲುವುದರಲ್ಲಿ.

ಅಷ್ಟರಲ್ಲಿ ಸ್ಲೈಡು ತಯಾರಾಯಿತು. ಮೊದಲು ಡ್ರಿಪ್ಪರ್ ಕೆಳಗಿನ ಬೇರು. ಗಾಜಿನಂಥ ಬೇರು, ಅಲ್ಲೊಂದು ಇಲ್ಲೊಂದು ನೀಲಿ ಗೆರೆ. ಎರಡನೆಯದು ಕಣ್ತಪ್ಪಿದ ಸಾಲಿನದು. ಇಡೀ ಬೇರು ನೀಲಿ. ಉದ್ದುದ್ದ ಎಳೆಗಳು, ನಡುವೆ ಮೊಟ್ಟೆಯಂಥ ಗುಳ್ಳೆಗಳು. ಅದು ಶಿಲೀಂಧ್ರ ಕೊಬ್ಬು ಕೂಡಿಡುವ ಜಾಗ. ಇನ್ನೂ ದೊಡ್ಡದು ಮಾಡಿದರೆ ಕೋಶ ಕೋಶದಲ್ಲೂ ಆ ಪುಟ್ಟ ಮರಗಳು, ಚಳಿಗಾಲದ ಬೋಳು ಬೇವಿನ ಮರದ ಹಾಗೆ. ಎರಡು ತುಂಡು ಬೇರಿನಿಂದ ಇಡೀ ತೋಟದ ಜಾತಕ ಹೇಳಲು ಬರುವುದಿಲ್ಲ, ಅದನ್ನು ಅಲ್ಲೂ ಹೇಳಿದೆ. ಸಾಲು ನಿಂತವರು ಕೇಳಿಸಿಕೊಂಡಂತೆ ಕಾಣಲಿಲ್ಲ. ಮೊಬೈಲನ್ನು ಸೂಕ್ಷ್ಮದರ್ಶಕದ ಕಣ್ಣಿಗೆ ಹಚ್ಚಿ ಫೋಟೋ ತೆಗೆಯುತ್ತಿದ್ದರು.

ತೋಟದ ಮಾಲೀಕರು ಕೊನೆಗೆ ಬಂದರು. ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ಮತ್ತೆ ನೋಡಿದರು.

"ಇದು ನಮ್ಮ ಬಳ್ಳೀದ ಐತೇನ್ರೀ?"

"ನಿಮ್ಮದೇ ಕಾಕಾ. ಬದುವಿನ ಸಾಲಿನದು."

"ಆ ಬದುವಿನ ಕಸ ತಗ್ಯಾಕ ನಾಳೆ ಆರು ಆಳು ಹೇಳೇನ್ರೀ. ಬ್ಯಾಡ ಅಂತ ಹೇಳ್ಲೇನು?"

"ಕೀಳಿಸಬೇಡಿ. ಕುಡುಗೋಲಿನಿಂದ ಮೇಲೆ ಮೇಲೆ ಕೊಯ್ಸಿ, ಬೇರು ನೆಲದಲ್ಲೇ ಇರಲಿ."

ಅವರು ಆಗಲೇ ಫೋನ್ ಹಚ್ಚಿದ್ದರು. "ಏ, ನಾಳೆ ಆರು ಮಂದಿ ಬ್ಯಾಡೋ, ಇಬ್ಬರ ಸಾಕು. ಕುಡುಗೋಲು ತರ್ರಿ" ಎನ್ನುತ್ತಾ ಊಟದ ಕಡೆ ನಡೆದರು.